ಹಿಮಶಿಖರದಲ್ಲಿ ಸೂರು, ಶೌಚ ಮತ್ತು ಆರೋಗ್ಯ

ಕುಂದಗೋಳ ತಾಲ್ಲೂಕಿನ ಬೆಟದೂರ ಎಂಬ ಊರಿನ ಹೆಸರನ್ನು ಇಡೀ ದೇಶ ಕೇಳಿದ್ದು 2016ರ ಫೆಬ್ರುವರಿಯಲ್ಲಿ. ಆ ಊರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಸಿಯಾಚಿನ್ ಹಿಮನದಿಯ ಮೇಲೆ, ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯಲ್ಲಿ ಕಾವಲಿಗಿದ್ದರು. ಫೆಬ್ರುವರಿ 3ರಂದು ಹಿಮದ ಭಾರೀ ಗೋಡೆ ಕುಸಿದು ಹತ್ತು ಮಂದಿ ಯೋಧರನ್ನು ಮುಚ್ಚಿಹಾಕಿತು. ಅವರಲ್ಲಿ ಮೂವರು ಕರ್ನಾಟಕದವರು. ಯಾರೂ ಉಳಿದಿರಲಾರರು ಎಂದೇ ಎಲ್ಲರೂ ಭಾವಿಸಿದ್ದರು. ಆದರೆ 8ರ ರಾತ್ರಿ, ಇಪ್ಪತ್ತೈದು ಅಡಿಗೂ ಹೆಚ್ಚು ಆಳದ ಹಿಮವನ್ನು ಕೊರೆದು ತೆಗೆದಾಗ, ಹನುಮಂತಪ್ಪನವರು ಜೀವಂತ ಸಿಕ್ಕರು. ಮರುದಿನ ಅವರನ್ನು ದೆಹಲಿಯ ಸೇನಾ ಆಸ್ಪತ್ರೆಗೆ ತರಲಾಯಿತು. 11ರಂದು ಅವರು ಕೊನೆಯುಸಿರೆಳೆದರು.

ಆ ಮೂರು ದಿನ ನಮ್ಮ ಮನೆಗಳಲ್ಲಿ ಎಲ್ಲರೂ ಆಸ್ಪತ್ರೆಯ ಪ್ರಕಟಣೆಗಾಗಿ ಕಾಯುತ್ತಿದ್ದುದು ಅನೇಕರಿಗೆ ನೆನಪಿರಬಹುದು. ವೈದ್ಯರು ಹೇಳಿದ್ದೇನು? ದೇಹದಲ್ಲಿ ನೀರಿನಂಶ ತೀರ ಬತ್ತಿದೆ, ಮೈ ಬಿಸಿ ಇಳಿದಿದೆ, ರಕ್ತದಲ್ಲಿ ಆಮ್ಲಜನಕ ಕಡಿಮೆ ಇದೆ, ಸಕ್ಕರೆಯೂ ಕಡಿಮೆ ಇದೆ, ರಕ್ತದೊತ್ತಡ ಕುಸಿದಿದೆ. ಜೊತೆಗೆ ನ್ಯುಮೋನಿಯಾ, ಯಕೃತ್ತು, ಮೂತ್ರಪಿಂಡಗಳ ಕೆಲಸವೂ ಕೆಟ್ಟಿದೆ. ಆದರೆ ಅದೇ ಪ್ರಕಟಣೆಯಲ್ಲಿ ಇನ್ನೊಂದು ಮಾತಿತ್ತು. ಚಳಿಯಿಂದ ಬೆರಳು ಕೊಳೆಯುವ ಹಿಮಕಡಿತವಾಗಲಿ, ಮೂಳೆ ಮುರಿತವಾಗಲಿ ಅವರಿಗೆ ಆಗಿರಲಿಲ್ಲ!

ಇದು ಹೇಗೆ ಸಾಧ್ಯ ಎಂದು ಯಾರಿಗಾದರೂ ಅನಿಸುತ್ತದೆ. ಹೊರಗೆ ಶೂನ್ಯಕ್ಕಿಂತ ನಲವತ್ತು ಡಿಗ್ರಿ ಕೆಳಗಿನ ಚಳಿ. ಆದರೆ ಆಳದ ಹಿಮದೊಳಗೆ ಅಷ್ಟು ಚಳಿ ಇರುವುದಿಲ್ಲ. ಹಿಮದ ಹರಳುಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಅದು ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಬೀಸುವ ಗಾಳಿಯಂತೂ ಅಲ್ಲಿಗೆ ತಲುಪುವುದೇ ಇಲ್ಲ. ಅವರಿದ್ದ ಡೇರೆಯೊಳಗೆ ಉಸಿರಾಡುವಷ್ಟು ಗಾಳಿಯ ಪೊಟರೆಯೊಂದು ಉಳಿದಿತ್ತು ಎಂದು ಅಂದಿನ ವರದಿಗಳು ಹೇಳಿದವು. ಗಾಳಿ, ಬಿಸಿ, ನೀರು, ಅನ್ನ ಈ ನಾಲ್ಕರಲ್ಲಿ ಮೊದಲಿನ ಎರಡು ಅವರಿಗೆ ಅಷ್ಟಿಷ್ಟು ದಕ್ಕಿದ್ದವು. ಮುಂದಿನ ಎರಡು ಸಿಗಲಿಲ್ಲ.

ಹಿಮಕುಸಿತವನ್ನು ತಡೆಯುವ ಡೇರೆಯನ್ನು ಯಾರೂ ಮಾಡಿಲ್ಲ, ಮಾಡಲೂ ಆಗದು. ಆದರೆ ಸಿಯಾಚಿನ್‌ನಲ್ಲಿ ಭಾರತದ ಸೇನೆ ನೆಲೆ ನಿಂತ 1984ರಿಂದ ಈಚೆಗೆ ಅಲ್ಲಿ ಗುಂಡಿಗಿಂತ ಹೆಚ್ಚು ಜೀವ ತೆಗೆದಿರುವುದು ಹವೆ ಮತ್ತು ನೆಲ. ಅಂಥ ಕಡೆ ಮನುಷ್ಯ ಮಲಗುವ ಆರಡಿ ಜಾಗ ಹೇಗಿರಬೇಕು, ಆತ ಹೊರಕಡೆಗೆ ಹೋಗುವ ವ್ಯವಸ್ಥೆ ಹೇಗಿರಬೇಕು ಎಂಬುದು ಔಷಧಿಯಷ್ಟೇ ಮುಖ್ಯವಾದ ಪ್ರಶ್ನೆ. ಈ ವಾರ ಅದನ್ನೇ ನೋಡೋಣ. ನಮ್ಮ ಜಿಲ್ಲೆಯ ಹಳ್ಳಿಗಳಿಂದ ಸೇನೆಗೆ ಹೋದ ಮಕ್ಕಳಿದ್ದಾರೆ. ಬೇಸಿಗೆ ಬಂದರೆ ಕೇದಾರ, ಅಮರನಾಥ, ಕೈಲಾಸ ಎಂದು ಹೊರಡುವ ಹಿರಿಯರಿದ್ದಾರೆ. ಬೆಟದೂರಿನ ಯೋಧ ಮಡಿದ ಅದೇ 2016ರ ಮೇ ತಿಂಗಳಲ್ಲಿ ಹುಬ್ಬಳ್ಳಿಯ ನಂದಿತಾ ನಾಗನಗೌಡರ ಎವರೆಸ್ಟ್ ಶಿಖರ ಏರಿದರು. ಆದ್ದರಿಂದ ಇದು ನಮಗೆ ಸಂಬಂಧಪಡದ ವಿಷಯವೇನಲ್ಲ.

ತೆಳುಗಾಳಿಯ ಊರು

ಕುಂದಗೋಳದ ಬಯಲು ಸಮುದ್ರಮಟ್ಟದಿಂದ ಸುಮಾರು ಎರಡು ಸಾವಿರ ಅಡಿ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಕೊರತೆ ನಮಗೆ ಗೊತ್ತೇ ಆಗುವುದಿಲ್ಲ. ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಹದಿನೆಂಟು ಸಾವಿರ ಅಡಿಗೆ ಅದು ಸಮುದ್ರಮಟ್ಟದ ಅರ್ಧದಷ್ಟಾಗುತ್ತದೆ. ಎವರೆಸ್ಟ್ ತುದಿಯಲ್ಲಿ ಮೂರನೆಯ ಒಂದು ಪಾಲು. ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಎಲ್ಲೆಡೆಯೂ ನೂರಕ್ಕೆ ಇಪ್ಪತ್ತೊಂದೇ. ಆದರೆ ಗಾಳಿಯೇ ತೆಳುವಾದಾಗ ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಅದಕ್ಕಾಗಿ ಅಲ್ಲಿ ಬೂಟು ಕಟ್ಟಿಕೊಳ್ಳಲು ಬಗ್ಗಿದರೂ ಏದುಸಿರು ಬರುತ್ತದೆ.

ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಸಮಯ ಕೇಳುತ್ತದೆ. ನಮ್ಮ ಸೇನೆಯಲ್ಲಿ ಒಂಬತ್ತು ಸಾವಿರ ಅಡಿ ದಾಟಿದ ಯೋಧನನ್ನು ಮೊದಲು ಆರು ದಿನ, ಹನ್ನೆರಡು ಸಾವಿರ ಅಡಿ ದಾಟಿದಾಗ ಮತ್ತೆ ನಾಲ್ಕು ದಿನ, ಹದಿನೈದು ಸಾವಿರ ದಾಟಿದಾಗ ಇನ್ನೂ ನಾಲ್ಕು ದಿನ ಹದಗೊಳಿಸುತ್ತಾರೆ. ಈ ಪಾಠ ಸುಮ್ಮನೆ ಬಂದದ್ದಲ್ಲ. 1962ರ ಯುದ್ಧಕಾಲದಲ್ಲಿ ಬಯಲಿನಿಂದ ನೇರವಾಗಿ ಮೇಲಕ್ಕೆ ಕಳಿಸಿದ ಸೈನಿಕರು ಗುಂಪುಗುಂಪಾಗಿ ಕಾಯಿಲೆ ಬಿದ್ದರು. ಇಂದರ್ ಸಿಂಗ್ ಮತ್ತು ಸಂಗಡಿಗರು 1,925 ಸೈನಿಕರನ್ನು ಪರೀಕ್ಷಿಸಿ 1969ರಲ್ಲಿ ಪ್ರಕಟಿಸಿದ ಲೇಖನ ಇಂದಿಗೂ ಪರ್ವತ ಕಾಯಿಲೆಯ ವೈದ್ಯಶಾಸ್ತ್ರದಲ್ಲಿ ದೊಡ್ಡ ಹೆಸರು.

ಹಾಗಾದರೆ ಬೆಚ್ಚಗಿನ ಮನೆ, ಒಳ್ಳೆಯ ಊಟ ಕೊಟ್ಟರೆ ಮನುಷ್ಯ ಎಷ್ಟು ಎತ್ತರದಲ್ಲಾದರೂ ಇರಬಹುದೇ? ಇದನ್ನು ತಿಳಿಯಲೆಂದೇ 1960–61ರ ಚಳಿಗಾಲದಲ್ಲಿ ಒಂದು ತಂಡ ನೇಪಾಳದಲ್ಲಿ ಸುಮಾರು 19,000 ಅಡಿ ಎತ್ತರಕ್ಕೆ ಮರದ ಹಲಗೆಗಳನ್ನು ಹೊತ್ತು ಒಯ್ದು, ಬೆಳ್ಳಿಬಣ್ಣ ಬಳಿದ ಉರುಳೆಯಾಕಾರದ ಮನೆ ಕಟ್ಟಿತು. ಎಡ್ಮಂಡ್ ಹಿಲರಿ ತಂಡದ ನಾಯಕ; ಗ್ರಿಫಿತ್ ಪ್ಯೂ ಎಂಬ ಶರೀರಶಾಸ್ತ್ರಜ್ಞ ವೈದ್ಯಕೀಯ ಭಾಗ ನೋಡಿಕೊಂಡವರು. ಒಳಗೆ ಬೆಚ್ಚಗಿತ್ತು, ತಿನ್ನಲು ಬೇಕಾದಷ್ಟಿತ್ತು, ಕೂತು ಕೆಲಸ ಮಾಡಲು ಮೇಜುಗಳಿದ್ದವು. ಆದರೂ ತಂಡದವರ ತೂಕ ವಾರವಾರವೂ ಇಳಿಯುತ್ತಲೇ ಹೋಯಿತು! ಅಷ್ಟು ಎತ್ತರದಲ್ಲಿ ಸೂರು ಎಷ್ಟು ಚೆನ್ನಾಗಿದ್ದರೂ ದೇಹದ ಸವೆತವನ್ನು ನಿಧಾನಗೊಳಿಸಬಹುದು, ನಿಲ್ಲಿಸಲಾಗದು. ಎತ್ತರದ ಠಾಣೆಗಳಲ್ಲಿ ಯೋಧರನ್ನು ಕೆಲವೇ ತಿಂಗಳಿಟ್ಟು ಕೆಳಗಿಳಿಸುವುದು ಇದಕ್ಕೇ.

ಕೌದಿಯ ಗುಟ್ಟು

ನಮ್ಮ ಅಜ್ಜಿಯರು ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲೆಯುತ್ತಿದ್ದರು. ಒಂದೇ ದಪ್ಪ ಬಟ್ಟೆಗಿಂತ ಅದು ಬೆಚ್ಚಗಿರಲು ಕಾರಣ ಬಟ್ಟೆಯಲ್ಲ, ಪದರಗಳ ನಡುವೆ ಸಿಕ್ಕಿದ ಗಾಳಿ. ಎತ್ತರದ ಡೇರೆಯೂ ಇದೇ ತತ್ತ್ವದ್ದು. ಒಳಗೊಂದು ಬಟ್ಟೆ, ಹೊರಗೊಂದು ಬಟ್ಟೆ, ನಡುವೆ ಗೇಣಷ್ಟು ತೆರಪು. ಹೊರಬಟ್ಟೆ ಗಾಳಿಯ ಹೊಡೆತ ತಾಳುತ್ತದೆ, ಒಳಬಟ್ಟೆ ಬಿಸಿಯನ್ನು ಹಿಡಿದಿಡುತ್ತದೆ.

ಗಾಳಿಯ ಹೊಡೆತವೆಂದರೆ ಅಷ್ಟಿಷ್ಟಲ್ಲ. ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ಅದು ಶೂನ್ಯಕ್ಕಿಂತ 34 ಡಿಗ್ರಿ ಕೆಳಗಿನ ಚಳಿಯಂತೆ ತಾಗುತ್ತದೆ. ಆದ್ದರಿಂದ ಡೇರೆ ತಗ್ಗಾಗಿ, ಗುಮ್ಮಟದ ಆಕಾರದಲ್ಲಿರಬೇಕು. ನೆತ್ತಿಯ ಮೇಲೆ ಕಡಿದಾದ ಇಳಿಜಾರಿರುವ ಕಣಿವೆಬಾಯಿ ಬೇಡ. ಹಿಮ ಜಾರಿ ಬರುವುದು ಅಲ್ಲಿಂದಲೇ. ಬೆಳಗಿನ ಬಿಸಿಲು ಬೇಗ ಬೀಳುವ ಜಾಗವಾದರೆ ಒಳ್ಳೆಯದು.

ಹೊದಿಕೆಗೆ ಹಣ ಸುರಿಯುವವರು ಹಾಸಿಗೆಯನ್ನು ಮರೆಯುತ್ತಾರೆ. ಹಕ್ಕಿಯ ಮೃದುಗರಿ ತುಂಬಿದ ಮಲಗುವ ಚೀಲ ಮೇಲ್ಭಾಗದಲ್ಲಿ ಉಬ್ಬಿಕೊಂಡು ಬಿಸಿ ಹಿಡಿಯುತ್ತದೆ. ಬೆನ್ನಿನಡಿ ಅದು ಮೈಭಾರಕ್ಕೆ ಚಪ್ಪಟೆಯಾಗುತ್ತದೆ. ಅಲ್ಲಿ ಗಾಳಿಯೂ ಇಲ್ಲ, ಬಿಸಿಯೂ ಇಲ್ಲ. ರಾತ್ರಿಯಿಡೀ ಮಂಜುನೆಲ ಮೈಯ ಶಾಖವನ್ನು ಹೀರುತ್ತದೆ. ಒಂದರ ಮೇಲೊಂದು ಎರಡು ಫೋಮಿನ ಚಾಪೆ ಹಾಸಿದರೆ ಇನ್ನೊಂದು ಕಂಬಳಿ ಹೊದ್ದಿದ್ದಕ್ಕಿಂತ ಹೆಚ್ಚು ಪ್ರಯೋಜನ.

ಬೆಚ್ಚಗಿರುವುದು ಬರೀ ಸುಖದ ಮಾತಲ್ಲ ಎನ್ನಲು ಇನ್ನೊಂದು ಕಾರಣವಿದೆ. ಎತ್ತರದಲ್ಲಿ ಕೆಲವರ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮೇಲೇರಿದ ಎರಡನೆಯ ರಾತ್ರಿಯಿಂದ ನಾಲ್ಕನೆಯ ರಾತ್ರಿಯ ಒಳಗೆ ಇದು ಹೆಚ್ಚು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುವುದೇ ಇದರ ಮೂಲ. ಚಳಿ ಆ ಒತ್ತಡವನ್ನು ಇನ್ನಷ್ಟು ಏರಿಸುತ್ತದೆ. ಬೆಚ್ಚಗಿನ ಡೇರೆ ಈ ರೋಗಕ್ಕೆ ಒಂದು ತಡೆ.

ಈಚಿನ ವರ್ಷಗಳಲ್ಲಿ ಬಿಸಿಲನ್ನೇ ಉರುವಲಾಗಿ ಬಳಸುವ ಪ್ರಯತ್ನ ನಡೆದಿದೆ. ಲಡಾಖಿನ ಎಂಜಿನಿಯರ್ ಸೋನಂ ವಾಂಗ್ಚುಕ್ 2021ರಲ್ಲಿ ಹತ್ತು ಸೈನಿಕರು ಮಲಗಬಹುದಾದ ಸೌರಡೇರೆಯೊಂದನ್ನು ತೋರಿಸಿದರು. ಹಗಲಿನ ಬಿಸಿಲನ್ನು ಗೋಡೆಯಲ್ಲಿ ಕೂಡಿಟ್ಟು ರಾತ್ರಿ ಬಿಡುವ ಉಪಾಯ ಅದು. ಹೊರಗೆ ಶೂನ್ಯಕ್ಕಿಂತ 14 ಡಿಗ್ರಿ ಕೆಳಗೆ ಇಳಿಯುವ ಚಳಿಯಲ್ಲಿ ರಾತ್ರಿ ಹತ್ತು ಗಂಟೆಗೂ ಒಳಗೆ 15 ಡಿಗ್ರಿ ಇತ್ತೆಂದು ಅವರು ತಿಳಿಸಿದ್ದರು. ಬಿಡಿಬಿಡಿಯಾಗಿ ಹೊತ್ತೊಯ್ದು ಜೋಡಿಸಬಹುದು. ನಮ್ಮ ಮಣ್ಣಿನ ಮಾಳಿಗೆ ಮನೆಗಳ ದಪ್ಪ ಗೋಡೆ ಮಾಡುವ ಕೆಲಸವೂ ಇದೇ ತಾನೆ! ಸಿಮೆಂಟು, ತಗಡು ಬಂದ ಮೇಲೆ ನಾವು ಆ ಗೋಡೆಗಳನ್ನು ಕೆಡವಿ ಫ್ಯಾನಿನ ಕೆಳಗೆ ಕೂತಿದ್ದೇವೆ. ಅದು ಬೇರೆ ಕಥೆ.

ಹಗೇವಿನ ಪಾಠ

ಡೇರೆ ಬೆಚ್ಚಗಾಗಲಿ ಎಂದು ಬಾಯಿ, ಕಿಟಕಿ ಎಲ್ಲ ಬಿಗಿದು ಒಳಗೆ ಚಿಮಣಿ ಎಣ್ಣೆಯ ಸ್ಟೋವ್ ಹಚ್ಚಿ ಮಲಗುವವರಿದ್ದಾರೆ. ಚಳಿಯ ನಾಡಿನಲ್ಲಿ ಇದಕ್ಕಿಂತ ಸದ್ದಿಲ್ಲದ ಸಾವು ಇನ್ನೊಂದಿಲ್ಲ.

ನಮ್ಮ ಭಾಗದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೋಳ ತುಂಬಿದ ಹಗೇವಿನ ಬಾಯಿ ತೆರೆದೊಡನೆ ಒಳಗೆ ಇಳಿಯಬಾರದು, ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿ ಆಮೇಲೆ ಇಳಿಯಬೇಕು ಎಂಬುದು ಅವರಿಗೆ ಗೊತ್ತಿತ್ತು. ದೀಪ ಆರಿತೆಂದರೆ ಒಳಗೆ ಕೆಟ್ಟಗಾಳಿ ಇದೆ ಎಂದರ್ಥ. ಆದರೆ ಡೇರೆಯೊಳಗಿನ ಶತ್ರು ಹಗೇವಿನ ಗಾಳಿಗಿಂತ ಮೋಸಗಾರ. ಸ್ಟೋವ್ ಸರಿಯಾಗಿ ಉರಿಯದಾಗ ಹುಟ್ಟುವ ಇಂಗಾಲದ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ದೀಪವನ್ನೂ ಆರಿಸುವುದಿಲ್ಲ. ರಕ್ತದ ಕೆಂಪು ವಸ್ತುವಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲೇ ಆಮ್ಲಜನಕಕ್ಕೆ ಬರವಿರುವ ಎತ್ತರದಲ್ಲಿ ಇದರ ಪರಿಣಾಮ ಇಮ್ಮಡಿ. ತೆಳುಗಾಳಿಯಲ್ಲಿ ಸ್ಟೋವ್ ಅರೆಬರೆ ಉರಿಯುವುದೂ ಹೆಚ್ಚು.

ಇನ್ನೂ ದೊಡ್ಡ ತೊಡಕೆಂದರೆ ರೋಗಲಕ್ಷಣ. ತಲೆನೋವು, ವಾಕರಿಕೆ, ಮಂಕು: ಇವು ಪರ್ವತ ಕಾಯಿಲೆಯ ಲಕ್ಷಣಗಳೂ ಹೌದು, ವಿಷಗಾಳಿಯ ಲಕ್ಷಣಗಳೂ ಹೌದು. ಪಕ್ಕದವನಿಗೆ ತಲೆನೋವೆಂದು ಹೊದಿಸಿ ಡೇರೆಯ ಬಾಯಿ ಇನ್ನಷ್ಟು ಬಿಗಿದರೆ ಅವನ ಗತಿ ಏನು? ಒಂದೇ ಡೇರೆಯಲ್ಲಿ ಮಲಗಿದವರೆಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ ಮೊದಲು ಅನುಮಾನಿಸಬೇಕಾದದ್ದು ಸ್ಟೋವನ್ನು. ಮೊದಲು ಮಾಡಬೇಕಾದದ್ದು ಎಲ್ಲರನ್ನೂ ಹೊರಗೆ ತರುವುದು.

ಹಳೆಯ ಮಾಳಿಗೆ ಮನೆಯ ಅಡುಗೆಕೋಣೆಗೆ ಬೆಳಕಿಂಡಿ ಇರುತ್ತಿತ್ತಲ್ಲ, ಒಳ್ಳೆಯ ಡೇರೆಗೂ ಅಂಥದ್ದು ಬೇಕು. ನೆತ್ತಿಯಲ್ಲೊಂದು, ಬುಡದಲ್ಲೊಂದು ಗಾಳಿಕಿಂಡಿ ಇದ್ದರೆ ಬಿಸಿಗಾಳಿ ಮೇಲಿಂದ ಹೋಗಿ ಹೊಸಗಾಳಿ ಕೆಳಗಿನಿಂದ ಬರುತ್ತದೆ. ಅಡುಗೆ ಮಾಡುವುದಿದ್ದರೆ ಡೇರೆಯ ಮುಂಚಾಚಿನಲ್ಲಿ, ಬಾಯಿ ತೆರೆದಿಟ್ಟು. ಹಿಮ ಬೀಳುವ ರಾತ್ರಿ ಸರದಿಯಲ್ಲಿ ಎದ್ದು ಕಿಂಡಿಗೆ ಕವಿದ ಹಿಮ ಸರಿಸಲೇಬೇಕು. ಉಸಿರಿನ ಹಬೆ ಡೇರೆಯ ಒಳಮೈಗೆ ಹೆಪ್ಪುಗಟ್ಟಿ ಬೆಳಿಗ್ಗೆ ಮೈಮೇಲೆ ಉದುರುವುದನ್ನೂ ಇದೇ ಕಿಂಡಿಗಳು ಕಡಿಮೆ ಮಾಡುತ್ತವೆ. ಒದ್ದೆಯಾದ ಮಲಗುವ ಚೀಲ ಬಿಸಿ ಹಿಡಿಯುವುದಿಲ್ಲ ಎಂಬುದು ನೆನಪಿರಲಿ.

ಸಂಡಾಸ ದೂರವಾದರೆ

ಈಗ ಯಾರೂ ಎತ್ತದ ಮಾತಿಗೆ ಬರೋಣ. ಪರ್ವತಾರೋಹಣದ ಪುಸ್ತಕಗಳಲ್ಲಿ ಹಗ್ಗ, ಕೊಡಲಿ, ಧ್ವಜಗಳ ವರ್ಣನೆ ಪುಟಗಟ್ಟಲೆ ಇರುತ್ತದೆ. ಸಂಡಾಸದ ವಿಷಯ ಒಂದು ಸಾಲು ಸಿಕ್ಕರೆ ಹೆಚ್ಚು. ನಮ್ಮಲ್ಲೂ ಊಟದ ವ್ಯವಸ್ಥೆ ಕೇಳುವಷ್ಟು ಧೈರ್ಯದಿಂದ ಇದನ್ನು ಕೇಳುವವರು ಕಡಿಮೆ.

ಎತ್ತರದ ಜಾಗದಲ್ಲಿ ಮೂತ್ರ ಹೆಚ್ಚಾಗುತ್ತದೆ. ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗಿ ರಕ್ತ ಒಳಭಾಗಕ್ಕೆ ಸರಿಯುತ್ತದೆ. ನೀರು ಹೆಚ್ಚಾಯಿತೆಂದು ತಿಳಿದ ಮೂತ್ರಪಿಂಡಗಳು ಅದನ್ನು ಹೊರಹಾಕುತ್ತವೆ. ಆಮ್ಲಜನಕದ ಕೊರತೆಯೂ ಮೊದಲ ಕೆಲವು ದಿನ ಇದೇ ಕೆಲಸ ಮಾಡಿಸುತ್ತದೆ. ದೇಹ ಹೊಂದಿಕೊಳ್ಳುತ್ತಿರುವುದಕ್ಕೆ ಇದು ಒಳ್ಳೆಯ ಸೂಚನೆಯೇ. ಪರ್ವತ ಕಾಯಿಲೆ ತಡೆಯಲು ವೈದ್ಯರು ಬರೆದುಕೊಡುವ ಡಯಾಮಾಕ್ಸ್ ಮಾತ್ರೆಯಿಂದಲೂ ಮೂತ್ರ ಹೆಚ್ಚು. ಹೀಗಾಗಿ ರಾತ್ರಿ ಎರಡು ಮೂರು ಸಲ ಏಳಬೇಕಾಗುತ್ತದೆ. ಮಲಗುವ ಚೀಲದ ಜಿಪ್ಪು ಬಿಚ್ಚಿ, ಬೂಟು ತೊಟ್ಟು, ಗಾಳಿಗೆ ಮೈಯೊಡ್ಡಿ ಹೋಗಬೇಕು.

ಆಗ ಮನುಷ್ಯ ಏನು ಮಾಡುತ್ತಾನೆ? ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾನೆ.

ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ಇದು ಹೊಸದಲ್ಲ. ಮನೆಯಲ್ಲಿ ಸಂಡಾಸವಿಲ್ಲದ ದಿನಗಳಲ್ಲಿ ತಂಬಿಗೆ ಹಿಡಿದು ಹೊರಡಲು ಕತ್ತಲಾಗಬೇಕಿತ್ತು. ಕತ್ತಲಾಗುವವರೆಗೆ ತಡೆಯಬೇಕು, ತಡೆಯಲು ನೀರು ಕಡಿಮೆ ಕುಡಿಯಬೇಕು. ಉರಿಮೂತ್ರ, ಮಲಬದ್ಧತೆ, ಮೂಲವ್ಯಾಧಿಯೆಂದು ಆಸ್ಪತ್ರೆಗೆ ಬರುತ್ತಿದ್ದ ಎಷ್ಟೋ ತಾಯಂದಿರ ರೋಗದ ಮೂಲ ಅಲ್ಲಿತ್ತು. ಹಿಮದ ಮೇಲೆ ಇದೇ ಚಾಳಿ ಜೀವಕ್ಕೇ ಎರವಾಗುತ್ತದೆ. ಅಲ್ಲಿನ ಗಾಳಿ ಒಣಗಾಳಿ. ಏದುಸಿರಿನೊಡನೆ ಬಾಯಿಯಿಂದಲೇ ನೀರು ಹಾರಿಹೋಗುತ್ತದೆ. ದಿನಕ್ಕೆ ಮೂರು ನಾಲ್ಕು ಲೀಟರಾದರೂ ಒಳಗೆ ಹೋಗಬೇಕು. 1952ರ ಚೋ ಓಯು ಆರೋಹಣದಲ್ಲಿ ಜನ ತೀರ ಕಡಿಮೆ ನೀರು ಕುಡಿಯುವುದನ್ನು ಗಮನಿಸಿದ ಅದೇ ಗ್ರಿಫಿತ್ ಪ್ಯೂ, 1953ರ ಎವರೆಸ್ಟ್ ತಂಡಕ್ಕೆ ನೀರು ಕುಡಿಯುವುದನ್ನೇ ಒಂದು ಶಿಸ್ತಾಗಿ ವಿಧಿಸಿದರು. ನೀರು ಬತ್ತಿದರೆ ರಕ್ತ ಮಂದವಾಗುತ್ತದೆ. ಎತ್ತರದಲ್ಲಿ ಕೆಂಪು ಕಣಗಳು ಹೆಚ್ಚಿ ಅದು ಮೊದಲೇ ಮಂದವಾಗಿರುತ್ತದೆ. ಮಂದವಾದ ರಕ್ತ ನಾಳದಲ್ಲಿ ಹೆಪ್ಪುಗಟ್ಟಬಹುದು. ಕೈಕಾಲಿನ ತುದಿಗೆ ರಕ್ತ ತಲುಪದೆ ಹಿಮಕಡಿತವೂ ಬೇಗ ಆಗುತ್ತದೆ. ಸಂಡಾಸದ ದಾರಿ ಎಷ್ಟು ಕಠಿಣವೋ ಕುಡಿಯುವ ನೀರು ಅಷ್ಟು ಕಡಿಮೆ: ಶಿಬಿರ ಹೂಡುವವರು ಮೊದಲು ಕಲಿಯಬೇಕಾದ ಲೆಕ್ಕ ಇದು.

ದಾರಿಯ ಅಪಾಯವೂ ಸಣ್ಣದಲ್ಲ. 1996ರ ಮೇ 9ರಂದು ಎವರೆಸ್ಟ್‌ನ ಮೂರನೆಯ ಶಿಬಿರದಲ್ಲಿ ತೈವಾನಿನ ಆರೋಹಿಯೊಬ್ಬರು ಬೆಳಿಗ್ಗೆ ಶೌಚಕ್ಕೆಂದು ಡೇರೆಯಿಂದ ಹೊರಬಂದರು. ಕಾಲಿಗೆ ಮುಳ್ಳುಪಟ್ಟಿಯ ಬೂಟು ತೊಟ್ಟಿರಲಿಲ್ಲ, ನುಣುಪು ತಳದ ಒಳಬೂಟಷ್ಟೇ ಇತ್ತು. ಮಂಜಿನ ಇಳಿಜಾರಿನಲ್ಲಿ ಜಾರಿ ಬಿರುಕಿಗೆ ಬಿದ್ದರು. ಅದೇ ದಿನ ತೀರಿಕೊಂಡರು.

ಹಾಗಾದರೆ ವ್ಯವಸ್ಥೆ ಹೇಗಿರಬೇಕು? ರಾತ್ರಿಯ ಮೂತ್ರಕ್ಕೆ ಡೇರೆಯೊಳಗೇ ಅಗಲ ಬಾಯಿಯ, ಬಿಗಿಯಾದ ಮುಚ್ಚಳದ ಬಾಟಲಿ. ಹೆಂಗಸರಿಗೆ ಅದರ ಜೊತೆ ಬಳಸುವ ಆಲಿಕೆಯಂಥ ಸಾಧನ ಸಿಗುತ್ತದೆ. ಹೊರಡುವ ಮೊದಲು ಮನೆಯಲ್ಲೇ ಬಳಸಿ ರೂಢಿಯಾಗಬೇಕು. ಶೌಚಕ್ಕೆ ಡೇರೆಯಿಂದ ಹೆಚ್ಚು ದೂರವಲ್ಲದ, ಗಾಳಿ ಹೊಡೆಯದಂತೆ ಮೂರು ಕಡೆ ಹಿಮದ ಇಟ್ಟಿಗೆ ಅಥವಾ ಬಟ್ಟೆಯ ಮರೆ ಕಟ್ಟಿದ ಜಾಗ. ಡೇರೆಯಿಂದ ಅಲ್ಲಿಗೆ ಹಿಡಿದು ನಡೆಯಲು ಹಗ್ಗ. ಮೊಣಕಾಲು ನೋವಿನವರಿಗೆ ಕೂರುವ ಆಸನ. ಕರಗಿಸಿ ಕುಡಿಯಲು ಹಿಮ ತೆಗೆಯುವ ಜಾಗ ಶಿಬಿರದ ಮೇಲ್ಬದಿಗೆ, ಸಂಡಾಸ ಕೆಳಬದಿಗೆ. ಎರಡಕ್ಕೂ ಬೇರೆ ಬೇರೆ ಬಣ್ಣದ ಬಾವುಟ. ಬಿಳಿ ಹಿಮವೆಲ್ಲ ಶುದ್ಧವಲ್ಲ. ಆ ಎತ್ತರದಲ್ಲಿ ನೀರು 80 ಡಿಗ್ರಿಯ ಸುಮಾರಿಗೇ ಕುದಿಯುವುದರಿಂದ ಬೇಳೆ ಬೇಯಲು ಕುಕ್ಕರ್ ಬೇಕೇ ಬೇಕು. ಆದರೆ ರೋಗಾಣು ಸಾಯಲು ಆ ಬಿಸಿ ಸಾಕು. ಮೂರು ನಿಮಿಷ ಚೆನ್ನಾಗಿ ಮರಳಲಿ.

ಕೊಳೆಯದ ಹೊಲಸು

ನಮ್ಮ ತಿಪ್ಪೆಗೆ ಬಿದ್ದದ್ದು ವರ್ಷದೊಳಗೆ ಗೊಬ್ಬರವಾಗುತ್ತದೆ. ಲಡಾಖಿನ ಹಳ್ಳಿಗಳಲ್ಲೂ ಹಾಗೆಯೇ. ಅಲ್ಲಿಯ ಸಂಡಾಸಕ್ಕೆ ನೀರು ಬೇಡ. ಮೇಲೊಂದು ಕೋಣೆ, ನೆಲದಲ್ಲೊಂದು ತೂತು, ಕೆಳಗೊಂದು ಕೋಣೆ. ಹೋಗಿ ಬಂದವರು ಒಂದು ಸಲಿಕೆ ಮಣ್ಣು, ಬೂದಿ ಹಾಕುತ್ತಾರೆ. ಕಾಲಕ್ಕೆ ಅದು ಹೊಲಕ್ಕೆ ಹೋಗುತ್ತದೆ. ಆದರೆ ಹಿಮನದಿಯ ಮೇಲೆ ಮಣ್ಣೂ ಇಲ್ಲ, ಬಿಸಿಯೂ ಇಲ್ಲ. ಅಲ್ಲಿ ಬಿಟ್ಟದ್ದು ಕೊಳೆಯುವುದಿಲ್ಲ, ಹೆಪ್ಪುಗಟ್ಟಿ ಉಳಿಯುತ್ತದೆ. ಬಿರುಕಿಗೆ ಎಸೆದರೆ ಕಣ್ಮರೆಯಾಯಿತು ಎಂದುಕೊಳ್ಳುತ್ತೇವೆ. ಹಿಮನದಿ ಹರಿಯುತ್ತದೆ, ಅದರೊಡನೆ ಇದೂ ಜೀವಂತ ರೋಗಾಣುಗಳ ಸಮೇತ ಎಂದಾದರೂ ಕೆಳಗೆ ಬರುತ್ತದೆ. ಸಿಯಾಚಿನ್ ಕರಗಿದ ನೀರೇ ನುಬ್ರಾ ನದಿ. ಮುಂದೆ ಅದು ಶ್ಯೋಕ್ ಸೇರಿ ಸಿಂಧೂವಿಗೆ ಹೋಗುತ್ತದೆ.

ಎವರೆಸ್ಟ್‌ನ ಕಥೆ ಎಲ್ಲರಿಗೂ ಗೊತ್ತಾದದ್ದು ಈಚೆಗೆ. ತಳಶಿಬಿರದಲ್ಲಿ ಡ್ರಮ್ಮುಗಳ ಸಂಡಾಸವಿದ್ದು, ತುಂಬಿದ್ದನ್ನು ಕೆಳಗೆ ಹೊತ್ತೊಯ್ಯುತ್ತಾರೆ. ಹೊರುವವರು ಕೂಲಿಗಳು, ಅದನ್ನು ಮರೆಯಬಾರದು. ತಳಶಿಬಿರದ ಮೇಲಿನ ಶಿಬಿರಗಳಲ್ಲಿ ಯಾವ ವ್ಯವಸ್ಥೆಯೂ ಇರಲಿಲ್ಲ. ಒಂದರಿಂದ ನಾಲ್ಕನೆಯ ಶಿಬಿರದವರೆಗೆ ಸುಮಾರು ಮೂರು ಟನ್ ಮಲ ಬಿದ್ದಿರಬಹುದೆಂದು ಅಲ್ಲಿಯ ಸಾಗರಮಾಥಾ ಮಾಲಿನ್ಯ ನಿಯಂತ್ರಣ ಸಮಿತಿ ಅಂದಾಜು ಮಾಡಿತ್ತು. 2024ರಿಂದ ಸ್ಥಳೀಯ ಆಡಳಿತ ನಿಯಮ ಮಾಡಿದೆ: ಆರೋಹಿಗಳು ವಿಶೇಷ ಚೀಲಗಳನ್ನು ಒಯ್ದು, ತಮ್ಮ ಮಲವನ್ನು ತಾವೇ ಕೆಳಗೆ ತರಬೇಕು. ಚೀಲದೊಳಗಿನ ಪುಡಿ ಅದನ್ನು ಗಟ್ಟಿ ಮಾಡಿ ವಾಸನೆ ತಡೆಯುತ್ತದೆ. ಅಮೆರಿಕದ ಡೆನಾಲಿ ಪರ್ವತದಲ್ಲಿ ಇದಕ್ಕೂ ಎಷ್ಟೋ ವರ್ಷ ಮೊದಲೇ ಮುಚ್ಚಳ ಬಿಗಿಯುವ ಡಬ್ಬಿ ಕೊಟ್ಟು ಕಳಿಸುವ ಪದ್ಧತಿ ಬಂದಿತ್ತು.

ಹೆಚ್ಚು ಜನ ಹೆಚ್ಚು ಕಾಲ ನಿಲ್ಲುವ ಕಡೆ ಚೀಲ ಸಾಲದು. ಇಲ್ಲಿ ನಮ್ಮ ದೇಶದ ಸಾಧನೆಯೊಂದನ್ನು ಹೇಳಬೇಕು. ಗ್ವಾಲಿಯರಿನಲ್ಲಿರುವ ರಕ್ಷಣಾ ಸಂಶೋಧನಾಲಯದ ವಿಜ್ಞಾನಿಗಳು ಸಿಯಾಚಿನ್, ಲಡಾಖಿನ ಸೈನಿಕರಿಗೆಂದೇ ಜೈವಿಕ ಸಂಡಾಸವನ್ನು ರೂಪಿಸಿದರು. ಚಳಿಯಲ್ಲೂ ಬದುಕಬಲ್ಲ, ಗಾಳಿಯಿಲ್ಲದೆ ಕೆಲಸ ಮಾಡಬಲ್ಲ ಸೂಕ್ಷ್ಮಜೀವಿಗಳನ್ನು ಆರಿಸಿ ತೊಟ್ಟಿಯಲ್ಲಿ ಸಾಕುತ್ತಾರೆ. ಅವು ಮಲವನ್ನು ತಿಂದು ನೀರು ಮತ್ತು ಅನಿಲವಾಗಿ ಒಡೆಯುತ್ತವೆ. ತೊಟ್ಟಿ ಹೆಪ್ಪುಗಟ್ಟದಂತೆ ನೋಡಿಕೊಳ್ಳಬೇಕು ಎಂಬುದೊಂದೇ ಕಷ್ಟ.

ಈ ಸಂಡಾಸವನ್ನು ನೀವೂ ಬಳಸಿದ್ದೀರಿ! ಕುಂದಗೋಳ ನಿಲ್ದಾಣದ ಮೇಲೆ ಹಾದುಹೋಗುವ ರೈಲುಗಳ ಡಬ್ಬಿಗಳ ಕೆಳಗೆ ಕಾಣುವ ಉಕ್ಕಿನ ತೊಟ್ಟಿ ಅದರ ತಮ್ಮನೇ. ಸೈನಿಕರಿಗಾಗಿ ಹುಟ್ಟಿದ ಈ ವಿದ್ಯೆಯನ್ನು ರೈಲ್ವೆ ಇಲಾಖೆ ತೆಗೆದುಕೊಂಡ ಮೇಲೆ ಹಳಿಗಳ ಮೇಲಿನ ಹೊಲಸು ತಪ್ಪಿತು. ಆದರೆ ಆ ಸೂಕ್ಷ್ಮಜೀವಿಗಳು ಬಾಟಲಿ, ಗುಟಕಾ ಚೀಟಿ, ಪ್ಲಾಸ್ಟಿಕ್ ಚೀಲ ತಿನ್ನಲಾರವು. ತೊಟ್ಟಿಗಳು ಕಟ್ಟಿಕೊಳ್ಳುವ ದೂರುಗಳ ಬಗ್ಗೆ 2017ರಲ್ಲಿ ಮಹಾಲೇಖಪಾಲರ ವರದಿಯೇ ಬಂತು. ಸಿಯಾಚಿನ್‌ನ ಚಳಿ ತಾಳಿದ ಜೀವಿಗಳು ನಮ್ಮ ಪ್ರಯಾಣಿಕರ ಗುಟಕಾ ಚೀಟಿಗೆ ಸೋತವು.

ಯಾತ್ರೆಗೆ ಹೊರಡುವ ಮುನ್ನ

ಕೇದಾರನಾಥ 11,700 ಅಡಿ ದಾಟುತ್ತದೆ, ಅಮರನಾಥ ಗುಹೆ 12,700 ಅಡಿ. 2020ರಿಂದ ನಿಂತು 2025ರಲ್ಲಿ ಮತ್ತೆ ಆರಂಭವಾದ ಕೈಲಾಸ ಮಾನಸ ಸರೋವರ ಯಾತ್ರೆಯಲ್ಲಿ ಡೋಲ್ಮಾ ಕಣಿವೆ 18,500 ಅಡಿ ಮುಟ್ಟುತ್ತದೆ. ಸಿಯಾಚಿನ್ ಠಾಣೆಗೂ ಅದಕ್ಕೂ ಇರುವ ಅಂತರ ಸಾವಿರ ಅಡಿಯಷ್ಟೆ. ಸೈನಿಕನಿಗೆ ಹದಿನಾಲ್ಕು ದಿನ ಹದಗೊಳಿಸುವ ಎತ್ತರಗಳಿಗೆ ಅರವತ್ತು ದಾಟಿದ ಅಪ್ಪ ಅಮ್ಮನನ್ನು ನಾಲ್ಕೇ ದಿನದಲ್ಲಿ ಒಯ್ಯುತ್ತೇವೆ ಎನ್ನುವ ಪ್ರವಾಸದವರ ಮಾತಿಗೆ ಮರುಳಾಗಬೇಡಿ. ಹತ್ತು ಸಾವಿರ ಅಡಿ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ ಒಂದೂವರೆ ಸಾವಿರ ಅಡಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು ಎಂಬುದು ವೈದ್ಯರ ಲೆಕ್ಕ.

2024ರ ಜೂನ್‌ನಲ್ಲಿ ಹೆಚ್ಚಿನವರು ಕರ್ನಾಟಕದವರೇ ಇದ್ದ 22 ಮಂದಿಯ ಚಾರಣ ತಂಡ ಉತ್ತರಾಖಂಡದ ಸಹಸ್ರತಾಲ್‌ನಿಂದ ಹಿಂತಿರುಗುವಾಗ ಹಿಮಗಾಳಿಗೆ ಸಿಕ್ಕಿತು. ಡೇರೆಗಳಿದ್ದ ಶಿಬಿರ ತಲುಪಲಾಗಲಿಲ್ಲ. 9 ಮಂದಿ ತೀರಿಕೊಂಡರು. ಸೂರು ಶಿಬಿರದಲ್ಲಿದ್ದರೆ ಸಾಲದು, ಒಂದು ತುಣುಕು ಸೂರು ಬೆನ್ನ ಮೇಲೂ ಇರಬೇಕು. ತುರ್ತಿಗೆ ಮೈಸುತ್ತಿಕೊಳ್ಳುವ ಹೊಳಪು ಹಾಳೆಯ ಚೀಲ ಅಂಗೈ ಅಗಲವೂ ಇರುವುದಿಲ್ಲ. ಹಣ ಕಟ್ಟುವ ಮೊದಲು ಕೇಳಿ: ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೇವೆ? ಡೇರೆಯಲ್ಲಿ ಎಷ್ಟು ಮಂದಿ? ಬಿಸಿಗೆ ಏನು ಉರಿಸುತ್ತೀರಿ? ಸಂಡಾಸ ಎಷ್ಟು ಹೆಜ್ಜೆ ದೂರ, ರಾತ್ರಿ ದೀಪವಿದೆಯೇ? ಆಮ್ಲಜನಕದ ಸಿಲಿಂಡರ್ ಇದೆಯೇ? ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ.

ಇನ್ನೊಂದು ಪ್ರಶ್ನೆ, ಗಾಳಿಚೀಲದ ಬಗ್ಗೆ. ರೋಗಿಯನ್ನು ಉದ್ದನೆಯ ಚೀಲದೊಳಗೆ ಮಲಗಿಸಿ ಪಂಪಿನಿಂದ ಗಾಳಿ ಒತ್ತಿದರೆ, ಒಳಗಿನವನಿಗೆ ಐದಾರು ಸಾವಿರ ಅಡಿ ಕೆಳಗಿಳಿದಂತಾಗುತ್ತದೆ. ನಮ್ಮ ಸೇನೆಯಲ್ಲಿ ಇದನ್ನು ಹ್ಯಾಪೋ ಚೀಲವೆನ್ನುತ್ತಾರೆ. ಪಂಪು ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಒಳಗೆ ಕೆಟ್ಟಗಾಳಿ ತುಂಬುತ್ತದೆ. ಇದು ಕೆಳಗೆ ಒಯ್ಯುವ ದಾರಿ ಸಿಗುವವರೆಗಿನ ಆಸರೆ ಮಾತ್ರ. ಕೂತಲ್ಲೇ ಏದುಸಿರು, ಗುಲಾಬಿ ಬಣ್ಣದ ನೊರೆಗಫ, ಕುಡಿದವನಂತೆ ತೂರಾಡುವ ನಡಿಗೆ, ಅಸಂಬದ್ಧ ಮಾತು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಕೆಳಗಿಳಿಸಬೇಕು.

ನಿದ್ದೆಯಲ್ಲಿ ಉಸಿರು ಕೆಲವು ಕ್ಷಣ ನಿಂತು ಮತ್ತೆ ಜೋರಾಗಿ ಬರುವುದು ಎತ್ತರದಲ್ಲಿ ಸಾಮಾನ್ಯ, ಪಕ್ಕದವರು ಗಾಬರಿಪಡಬೇಕಿಲ್ಲ. ನಿದ್ದೆ ಮಾತ್ರೆ, ಮದ್ಯ ಎರಡೂ ಬೇಡ. ಡಯಾಮಾಕ್ಸನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಸಲ್ಫಾ ಔಷಧಿ ಒಗ್ಗದವರು ಅದನ್ನು ಮೊದಲೇ ಹೇಳಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇರುವವರು ತಿಂಗಳ ಮೊದಲೇ ತಪಾಸಣೆ ಮಾಡಿಸಿಕೊಳ್ಳಲಿ. ಮಲಬದ್ಧತೆ ಆಗದಂತೆ ಒಣಹಣ್ಣು, ಹುರಿಗಡಲೆ, ಬೇಕಾದಷ್ಟು ಬೆಚ್ಚಗಿನ ನೀರು ಇರಲಿ. ಸಂಜೆ ನೀರು ಬೇಡವೆನ್ನುವ ಅಜ್ಜಿಗೆ ಒತ್ತಾಯಿಸುವ ಬದಲು ಮಲಗುವ ಜಾಗದ ಪಕ್ಕದಲ್ಲೇ ಮುಚ್ಚಳದ ಡಬ್ಬಿ, ಟಾರ್ಚು, ಒಂದು ಮರೆಯ ಪರದೆ ಕಟ್ಟಿಕೊಡಿ. ಆಗ ತಾನಾಗಿಯೇ ಕುಡಿಯುತ್ತಾರೆ. ಗಂಡಸರು ಇಟ್ಟುಕೊಳ್ಳುವ ರಾತ್ರಿಯ ಬಾಟಲಿಗೆ ಮಾತ್ರ ಕುತ್ತಿಗೆಗೆ ದಪ್ಪ ದಾರ ಸುತ್ತಿಡಿ. ಡೇರೆಯ ಕತ್ತಲಲ್ಲಿ ಬಾಯಾರಿ ಎದ್ದವರ ಕೈಗೆ ನೀರಿನ ಬಾಟಲಿ ಯಾವುದು, ಅದು ಯಾವುದು ಎಂದು ಮುಟ್ಟಿದೊಡನೆ ಗೊತ್ತಾಗಬೇಕಲ್ಲ!